ಕಿಣ್ವ

ಸಂಸ್ಕೃತ ಮೂಲದ ಈ ನಾಮಪದಕ್ಕೆ ಮೊದಲಿದ್ದ ಅರ್ಥ, ಮದ್ಯ ತಯಾರಿಕೆಯಲ್ಲಿ ಬೆರೆಸುವ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದೇ ಅರ್ಥವಿದೆ. ಈಗ ಇದು ಎಂಜೈಮ್‌ಗೆ ನಿಂತ ಪದ. ಜರ್ಮನಿಯ ವಿಜ್ಞಾನಿ ಕ್ಯೂನೆ 1870ರ ದಶಕದಲ್ಲಿ ಟಂಕಿಸಿದ ಆ ಹೆಸರಿನ ಗ್ರೀಕ್ ಮೂಲವೂ ಹುದುಗೇ ಆದ್ದರಿಂದ ಆಯ್ಕೆ ಸೊಗಸಾಗಿ ಹೊಂದಿದೆ.

ಮೀನು ಸಾಕಣೆಯಲ್ಲಿ ಈ ಪದ ಬರುವ ಒಂದು ಸಂದರ್ಭ ಫೈಟೇಸ್ ಕಿಣ್ವದ್ದು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಕಾಟ್ಲಾ, ರೋಹು ಮೀನುಗಳ ರೂಢಿಯ ಮೇವು. ಇವುಗಳ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಬಿಗಿದಿರುತ್ತದೆ. ಮೀನಿಗೆ ದಕ್ಕದೆ ಕೊಳಕ್ಕಿಳಿದು ಪಾಚಿ ಬೆಳೆಸುತ್ತದೆ. ಫೈಟೇಸ್ ಆ ಬಿಗಿತ ಬಿಡಿಸುತ್ತದೆ. ಆದರೆ ಅದಕ್ಕೆ ಹುಳಿ ವಾತಾವರಣ ಹಿತ, ಈ ಮೀನುಗಳಿಗೋ ಆಮ್ಲ ಸುರಿಸುವ ಜಠರವೇ ಇಲ್ಲ. ಗುಳಿಗೆ ಮೇವು ತಯಾರಿಸುವ ಬಿಸಿಗೂ ಕಿಣ್ವ ಕೆಡುವುದರಿಂದ, ಗುಳಿಗೆ ಆರಿದ ಮೇಲೆ ದ್ರವರೂಪದಲ್ಲಿ ಸಿಂಪಡಿಸುವುದುಂಟು.