ಪ್ರೆಸ್ಟನ್ನಿನ ಕೊಳಾಯಿ ಕೆಲಸಗಾರ

ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದಲ್ಲಿ ಪ್ರೆಸ್ಟನ್ ಎಂಬುದು ಹತ್ತಿ ಗಿರಣಿಗಳಿಂದ ಹೆಸರಾದ ಊರು. 1888ರಲ್ಲಿ ಆ ದೇಶದ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಅದರ ಹನ್ನೆರಡು ಕ್ಲಬ್ಬುಗಳಲ್ಲಿ ಈ ಊರಿನದೂ ಒಂದು. ಮೊದಲನೆಯ ವರ್ಷವೇ ಒಂದು ಪಂದ್ಯವನ್ನೂ ಸೋಲದೆ ಅಗ್ರಸ್ಥಾನ ಪಡೆದದ್ದೂ ಅದೇ. ಆ ಕ್ಲಬ್ಬಿನ ಡೀಪ್‌ಡೇಲ್ ಮೈದಾನದ ಸಮೀಪದಲ್ಲಿ, 1922ರ ಏಪ್ರಿಲ್ 5ರಂದು, ಟಾಮ್ ಫಿನ್ನಿ ಜನಿಸಿದನು.

ಹುಡುಗನ ಆಟವನ್ನು ಕಂಡು ಕ್ಲಬ್ಬು ಅವನನ್ನು ಕರೆಯಿತು. ಆದರೆ ತಂದೆ ಸುಲಭವಾಗಿ ಒಪ್ಪಲಿಲ್ಲ. ಆಟ ಕಾಲು ಗಟ್ಟಿಯಿರುವ ತನಕ, ಕಸುಬು ಕೊನೆಯ ತನಕ ಎಂಬ ವಿವೇಕ ಅವನದು. ಮೊದಲು ಕೊಳಾಯಿ ಕೆಲಸವನ್ನು ಪೂರ್ತಿ ಕಲಿಯಬೇಕೆಂದು ಹಟ ಹಿಡಿದನು. ಮಗ ಹಗಲು ಕಸುಬು ಕಲಿತು, ಬಿಡುವಿನಲ್ಲಿ ಚೆಂಡಿನ ಅಭ್ಯಾಸ ಮಾಡಿದನು. ಹುಟ್ಟಾ ಎಡಗಾಲಿನವನಾದರೂ ಬಲಗಾಲನ್ನೂ ಪಳಗಿಸಿಕೊಂಡನು.

ಅಷ್ಟರಲ್ಲಿ ಯುದ್ಧ ಬಂದಿತು. ಫಿನ್ನಿ ಟ್ಯಾಂಕುಗಳ ದಳ ಸೇರಿ ಈಜಿಪ್ಟಿನಲ್ಲಿಯೂ ಇಟಲಿಯಲ್ಲಿಯೂ ಸೇವೆ ಸಲ್ಲಿಸಿದನು. ಲೀಗಿನ ಮೊದಲ ಪಂದ್ಯವನ್ನು ಅವನು ಆಡಿದ್ದು 1946ರ ಆಗಸ್ಟಿನಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ತಂಡಕ್ಕೂ ಆಯ್ಕೆಯಾದನು.

ಬಲ ಅಂಚಿನ ಆಟಕ್ಕೆ ಆಗ ಇಂಗ್ಲೆಂಡಿನಲ್ಲಿ ಇಬ್ಬರು: ಸ್ಟ್ಯಾನ್ಲಿ ಮ್ಯಾಥ್ಯೂಸ್ ಮತ್ತು ಫಿನ್ನಿ. ಯಾರು ಮೇಲು ಎಂಬ ವಾದ ವರ್ಷಗಟ್ಟಲೆ ನಡೆಯಿತು. 1947ರಲ್ಲಿ ಲಿಸ್ಬನ್ನಿನಲ್ಲಿ ಮ್ಯಾಥ್ಯೂಸನನ್ನು ಬಲಕ್ಕೂ ಫಿನ್ನಿಯನ್ನು ಎಡಕ್ಕೂ ನಿಲ್ಲಿಸಿದಾಗ ಇಂಗ್ಲೆಂಡು ಪೋರ್ಚುಗಲ್ಲನ್ನು 10-0ರಿಂದ ಸೋಲಿಸಿತು! ಫಿನ್ನಿ ದೇಶಕ್ಕಾಗಿ 76 ಪಂದ್ಯಗಳಲ್ಲಿ 30 ಗೋಲು ಹೊಡೆದನು. 1950, 1954, 1958ರ ಮೂರು ವಿಶ್ವಕಪ್ಪುಗಳಲ್ಲಿ ಆಡಿದನು.

ಇಷ್ಟು ದೊಡ್ಡ ಆಟಗಾರನ ಸಂಪಾದನೆ ಎಷ್ಟು? 1952ರಲ್ಲಿ ವಾರಕ್ಕೆ 14 ಪೌಂಡು. ಲೀಗು ವಿಧಿಸಿದ್ದ ಗರಿಷ್ಠ ಸಂಬಳವೇ ಅಷ್ಟು. ಎಂಥ ಆಟಗಾರನಿಗೂ ಅದನ್ನು ಮೀರಿ ಕೊಡುವಂತಿರಲಿಲ್ಲ. ಆ ವರ್ಷ ಸಿಸಿಲಿಯ ಪಲೆರ್ಮೊ ಕ್ಲಬ್ಬು ಅವನಿಗೆ 10,000 ಪೌಂಡು ಇಡಿಗಂಟು, ತಿಂಗಳಿಗೆ 130 ಪೌಂಡು ಸಂಬಳ, ಮೇಲೆ ಮನೆ, ಕಾರು ಕೊಡಲು ಮುಂದೆ ಬಂದಿತು. ಪ್ರೆಸ್ಟನ್ ಕ್ಲಬ್ಬಿನವರು ಖಂಡಿತವಾಗಿ ಒಲ್ಲೆವೆಂದರು. ಮಾತು ಅಲ್ಲಿಗೆ ಮುಗಿಯಿತು. ಏಕೆಂದರೆ ಅಂದಿನ ನಿಯಮದಂತೆ, ಕರಾರಿನ ಅವಧಿ ತೀರಿದರೂ ಕ್ಲಬ್ಬು ತನ್ನ ಆಟಗಾರನನ್ನು ಹಿಡಿದಿಟ್ಟುಕೊಳ್ಳಬಹುದಾಗಿತ್ತು. ಅಪ್ಪಣೆಯಿಲ್ಲದೆ ಹೋದವರ ಗತಿಯೂ ಕಣ್ಣಮುಂದೆಯೇ ಇತ್ತು: 1950ರಲ್ಲಿ ಕೊಲಂಬಿಯಕ್ಕೆ ಹೋಗಿ ಬಂದ ನೀಲ್ ಫ್ರ್ಯಾಂಕ್ಲಿನ್ ಮತ್ತೆ ಇಂಗ್ಲೆಂಡಿನ ಪರವಾಗಿ ಆಡಲೇ ಇಲ್ಲ.

ಫಿನ್ನಿ ಊರಿಗೆ ಮರಳಿ ಎಂದಿನಂತೆ ಆಡಿದನು. ಆಟದ ಜೊತೆಗೆ ಕೊಳಾಯಿ ಕೆಲಸದ ವ್ಯಾಪಾರವನ್ನೂ ನಡೆಸುತ್ತಿದ್ದನು. ತಂದೆಯ ಹಟದ ಬೆಲೆ ಆಗ ತಿಳಿದಿರಬೇಕು. ಕ್ಲಬ್ಬಿಗೆ ಮಾತ್ರ ದೊಡ್ಡ ಗೆಲುವು ಒದಗಲಿಲ್ಲ. 1953ರಲ್ಲಿ ಆರ್ಸೆನಲ್ಲಿನಷ್ಟೇ ಅಂಕ ಗಳಿಸಿಯೂ ಗೋಲುಗಳ ಸರಾಸರಿಯಲ್ಲಿ ಲೀಗ್ ಪ್ರಶಸ್ತಿ ತಪ್ಪಿತು. 1954ರ ಕಪ್ ಅಂತಿಮ ಪಂದ್ಯದಲ್ಲಿ 3-2ರಿಂದ ಸೋಲಾಯಿತು. ವರ್ಷದ ಶ್ರೇಷ್ಠ ಆಟಗಾರನೆಂದು ಫಿನ್ನಿಗೆ 1954 ಮತ್ತು 1957ರಲ್ಲಿ ಸಂದ ಮನ್ನಣೆಯೇ ಸಮಾಧಾನ.

433 ಲೀಗ್ ಪಂದ್ಯ, 187 ಗೋಲು. ಎಲ್ಲವೂ ಒಂದೇ ಕ್ಲಬ್ಬಿಗೆ. 1960ರಲ್ಲಿ ಅವನು ನಿವೃತ್ತನಾದನು. ಮರುವರ್ಷವೇ ಪ್ರೆಸ್ಟನ್ ಮೊದಲನೆಯ ದರ್ಜೆಯಿಂದ ಕೆಳಗಿಳಿಯಿತು. ಆ 1961ರ ಜನವರಿಯಲ್ಲಿಯೇ, ಆಟಗಾರರ ಸಂಘವು ಮುಷ್ಕರಕ್ಕೆ ಸಿದ್ಧವಾದ ಮೇಲೆ, ಗರಿಷ್ಠ ಸಂಬಳದ ಕಟ್ಟು ಹೋಯಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಹೂಡಿದ ದಾವೆಯಲ್ಲಿ, ಆಟಗಾರರನ್ನು ಹಿಡಿದಿಡುವ ಆ ನಿಯಮ ನ್ಯಾಯಸಮ್ಮತವಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಎರಡೂ ಫಿನ್ನಿಯ ಪಾಲಿಗೆ ತಡವಾಗಿ ಬಂದವು.

1998ರಲ್ಲಿ ಅವನಿಗೆ 'ಸರ್' ಪದವಿ ದೊರೆಯಿತು. 2014ರ ಫೆಬ್ರವರಿ 14ರಂದು ತೀರಿಕೊಂಡನು. ನೀರು ನಿಂತ ಮೈದಾನದಲ್ಲಿ ಜಾರುತ್ತ ಚೆಂಡಿನ ಹಿಂದೆ ಸಾಗುತ್ತಿರುವ ಅವನ ಪ್ರತಿಮೆ ಡೀಪ್‌ಡೇಲ್ ಮೈದಾನದ ಹೊರಗೆ ಇದೆ. ಅವನ ನಿಷ್ಠೆಯನ್ನು ಜನ ಇಂದಿಗೂ ಕೊಂಡಾಡುತ್ತಾರೆ. ಕೊಂಡಾಡತಕ್ಕದ್ದೇ; ಆದರೆ ಬಿಟ್ಟು ಹೋಗುವ ಹಕ್ಕು ಅವನಿಗೆ ಇರಲಿಲ್ಲವೆಂಬುದನ್ನೂ ಚರಿತ್ರೆ ಮರೆಯಬಾರದು.