ಗಾಲಿ ನಿಂತ ಮೇಲೆ ಸ್ಟೇರಿಂಗ್ ಯಾಕೆ?

ಪುಣೆಯಿಂದ ಸೋಲಾಪುರದ ದಾರಿ ಹಿಡಿದರೆ ಭಿಗವಣದ ಆಸುಪಾಸಿನಲ್ಲಿ ಎಡಕ್ಕೆ ಉಜನಿ ಅಣೆಕಟ್ಟಿನ ಹಿನ್ನೀರು, ಬಲಕ್ಕೆ ಕಬ್ಬಿನ ಹೊಲಗಳು. ಇನ್ನಷ್ಟು ಮುಂದೆ ಹೋದರೆ ಇಂದಾಪುರ. ಪುಣೆಯಲ್ಲಿ ದುಡಿಯುವ ಕಲಬುರಗಿ, ವಿಜಯಪುರದ ಕಡೆಯ ನಮ್ಮಂಥವರಿಗೆ ಇದು ಊರಿನ ದಾರಿ. ಭೀಮಾ ನದಿಯೂ ಇದೇ ದಿಕ್ಕಿನಲ್ಲಿ ನಮ್ಮೂರಿಗೆ ಹರಿಯುತ್ತದೆ.

2011ರ ಡಿಸೆಂಬರಿನ ಒಂದು ಸಂಜೆ ಅವ್ವನನ್ನು ಕರೆದುಕೊಂಡು ಊರಿಗೆ ಹೊರಟಿದ್ದೆ. ಕಬ್ಬು ಕಡಿಯುವ ಕಾಲ. ಇಂದಾಪುರ ಇನ್ನೂ ಸ್ವಲ್ಪ ದೂರವಿರುವಾಗ, ಹಿಂದೆ ಒಂದೂ ದೀಪವಿಲ್ಲದ, ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಕತ್ತಲಲ್ಲಿ ಒಮ್ಮೆಲೇ ಎದುರಾಯಿತು. ಬ್ರೇಕ್ ಒತ್ತಿ ಹಿಡಿದೆ, ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಕಾರು ಮಾತ್ರ ಕೀರಲು ಸದ್ದು ಮಾಡುತ್ತಾ ನೇರವಾಗಿಯೇ ಜಾರಿ ಟ್ರಾಲಿಯ ಮೂಲೆಗೆ ಬಡಿಯಿತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ಅವ್ವನ ಬಲಗೈ ಮಣಿಕಟ್ಟು ಮುರಿಯಿತು.

ಮರುದಿನ ಕಾರು ನೋಡಲು ಇಂದಾಪುರದ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ನಾನು ಸ್ಟೇರಿಂಗ್ ಕೆಟ್ಟಿರಬೇಕು ಎಂದೆ. ಅವರು ನಕ್ಕು, “ಸ್ಟೇರಿಂಗ್ ಚಲೋ ಐತ್ರಿ ಸಾಹೇಬ್ರ. ಗಾಲಿ ತಿರಗೂದ ನಿಂತ ಮ್ಯಾಲ ಸ್ಟೇರಿಂಗ್ ಎಷ್ಟ್ ತಿರುವಿದ್ರ ಏನ್ ಬಂತು?” ಎಂದರು. ಎಂಟೆಕ್ ಓದಿದ ನನಗೆ ಇದು ಗೊತ್ತಿರಬೇಕಿತ್ತು. ಎಬಿಎಸ್ ಇದ್ದ ಮೇಲಿನ ಮಾಡೆಲ್ಲಿಗೆ ಹೆಚ್ಚು ದುಡ್ಡು ಕೊಡಬೇಕಾಗುತ್ತದೆ ಎಂದು ಅದನ್ನು ಬಿಟ್ಟು, ಉಳಿದ ದುಡ್ಡಿನಲ್ಲಿ ಮ್ಯೂಸಿಕ್ ಸಿಸ್ಟಮ್ ಹಾಕಿಸಿದವನು ನಾನೇ. ಆ ಮೆಕ್ಯಾನಿಕ್ ಕೇಳಿದ ಪ್ರಶ್ನೆಗೆ ಜಗತ್ತು ಉತ್ತರ ಹುಡುಕಿದ ಕಥೆಯನ್ನು ಆಮೇಲೆ ಓದುತ್ತಾ ಹೋದೆ.

ರಸ್ತೆಯ ಮೇಲೆ ಟೈರಿಗಿರುವ ಹಿಡಿತಕ್ಕೆ ಒಂದು ಮಿತಿ ಇದೆ. ಬ್ರೇಕು, ತಿರುವು ಎರಡಕ್ಕೂ ಆ ಹಿಡಿತವೇ ಬಂಡವಾಳ. ಗಾಲಿ ಸ್ವಲ್ಪವೇ ಜಾರುತ್ತಾ ಇನ್ನೂ ತಿರುಗುತ್ತಿರುವಾಗ ಹಿಡಿತ ಅತಿ ಹೆಚ್ಚು. ಗಾಲಿ ಪೂರ್ತಿ ನಿಂತು ಟೈರು ಉಜ್ಜತೊಡಗಿದರೆ ಮುಂದಿನ ಗಾಲಿ ಯಾವ ಕಡೆ ಮುಖ ಮಾಡಿದ್ದರೂ ಕಾರು ಹೊರಟ ದಿಕ್ಕಿಗೇ ಹೋಗುತ್ತದೆ. ಹಳೆಯ ಡ್ರೈವರುಗಳು ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ‘ಪಂಪ್’ ಮಾಡುತ್ತಿದ್ದದ್ದು ಇದೇ ಕಾರಣಕ್ಕೆ. ಗಾಬರಿಯಾದ ಮನುಷ್ಯನಿಗೆ ಅದು ನೆನಪಾಗುವುದಿಲ್ಲ.

ಈ ಕಷ್ಟ ಮೊದಲು ಗಂಭೀರವಾಗಿ ಕಾಡಿದ್ದು ವಿಮಾನಗಳನ್ನು. ಇಳಿಯುವಾಗ ಗಾಲಿ ನಿಂತರೆ ಟೈರು ಸಿಡಿಯುತ್ತದೆ. ಫ್ರಾನ್ಸಿನ ಗೇಬ್ರಿಯಲ್ ವೋಯ್ಸಾ 1920ರ ದಶಕದಲ್ಲೇ ವಿಮಾನಕ್ಕಾಗಿ ಇಂಥ ಸಾಧನವನ್ನು ಪ್ರಯತ್ನಿಸಿದ್ದರು. 1950ರ ದಶಕದಲ್ಲಿ ಬ್ರಿಟನ್ನಿನ ಡನ್ಲಪ್ ಕಂಪನಿಯ ‘ಮ್ಯಾಕ್ಸರೆಟ್’ ವಿಮಾನಗಳಲ್ಲಿ ಬಳಕೆಗೆ ಬಂತು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಗಾಲಿ ಒಮ್ಮೆಲೇ ನಿಧಾನವಾದರೆ ಒಳಗಿನ ಪುಟ್ಟ ಚಕ್ರ ತನ್ನ ವೇಗದಲ್ಲೇ ತಿರುಗುತ್ತಾ ವಾಲ್ವ್ ತೆರೆದು ಬ್ರೇಕಿನ ಒತ್ತಡವನ್ನು ಇಳಿಸುತ್ತಿತ್ತು. 1966ರಲ್ಲಿ ಇದು ಜೆನ್ಸೆನ್ ಎಫ್ಎಫ್ ಎಂಬ ದುಬಾರಿ ಕಾರಿಗೂ ಬಂತು. ಅಂಥ ಕಾರುಗಳು ತಯಾರಾದದ್ದು 320 ಮಾತ್ರ.

ಜನರ ಕಾರಿಗೆ ಇದು ಬರಬೇಕಾದರೆ ನಾಲ್ಕು ಗಾಲಿಗಳ ವೇಗವನ್ನು ಒಟ್ಟಿಗೆ ಲೆಕ್ಕ ಹಾಕುವ, ಬಿಸಿಲು ಧೂಳು ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕಿತ್ತು. ಬಾಷ್ ತಯಾರಿಸಿದ ಅಂಥ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿನಲ್ಲಿ ಬಂತು. ಪ್ರತಿ ಗಾಲಿಯ ಹತ್ತಿರ ಹಲ್ಲಿನ ಉಂಗುರ, ಅದರ ಎದುರು ಒಂದು ಸೆನ್ಸರ್. ಯಾವ ಗಾಲಿ ನಿಲ್ಲುವ ಸೂಚನೆ ಕೊಡುತ್ತದೆಯೋ ಆ ಗಾಲಿಯ ಬ್ರೇಕಿನ ಒತ್ತಡವನ್ನು ವಾಲ್ವ್ ಇಳಿಸುತ್ತದೆ, ತಡೆಹಿಡಿಯುತ್ತದೆ, ಮತ್ತೆ ಏರಿಸುತ್ತದೆ. ಒಂದೇ ಸೆಕೆಂಡಿನಲ್ಲಿ ಹಲವು ಬಾರಿ. ಆಗ ಕಾಲಡಿಯ ಪೆಡಲ್ ನಡುಗುತ್ತದೆ. ಹೆದರಿ ಕಾಲು ತೆಗೆಯಬಾರದು. ಎಬಿಎಸ್ ಇದ್ದರೆ ಕಾರು ಯಾವಾಗಲೂ ಬೇಗ ನಿಲ್ಲುತ್ತದೆ ಎಂದೇನಿಲ್ಲ. ಸಡಿಲ ಜಲ್ಲಿಯ ಮೇಲೆ ಇನ್ನೂ ದೂರ ಹೋಗಬಹುದು. ಅದು ಉಳಿಸಿಕೊಡುವುದು ಸ್ಟೇರಿಂಗನ್ನು. ಅಂದು ನನಗೆ ಬೇಕಾಗಿದ್ದದ್ದೂ ಅದೇ.

ಎಬಿಎಸ್ ಕೆಲಸ ಬ್ರೇಕ್ ಒತ್ತಿದಾಗ ಮಾತ್ರ. ತಿರುವಿನಲ್ಲಿ ಕಾರು ಅಡ್ಡ ಜಾರಿದರೆ? 1989ರಲ್ಲಿ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಮರ್ಸಿಡಿಸ್‌ನ ಎಂಜಿನಿಯರ್ ಫ್ರಾಂಕ್ ವರ್ನರ್-ಮೋನ್ ಅವರ ಕಾರು ಜಾರಿ ಚರಂಡಿಗೆ ಬಿತ್ತು. ಎಬಿಎಸ್‌ನ ಇದೇ ವಾಲ್ವುಗಳಿಂದ ಒಂದೊಂದು ಗಾಲಿಗೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಕಾರನ್ನೇ ತಿರುಗಿಸಬಹುದಲ್ಲ ಎಂದು ಅವರು ಯೋಚಿಸಿದರಂತೆ. ಬಾಷ್‌ನಲ್ಲಿ ಆಂಟನ್ ವಾನ್ ಜಾಂಟೆನ್ ಅವರ ತಂಡವೂ ಇದೇ ಸಮಸ್ಯೆಯ ಬೆನ್ನು ಹತ್ತಿತ್ತು. ಎರಡೂ ಕಂಪನಿಗಳು ಸೇರಿ 1995ರಲ್ಲಿ ಇಎಸ್‌ಪಿಯನ್ನು ಹೊರತಂದವು. ಇಎಸ್‌ಸಿ ಎಂದು ಕರೆಯುವುದೂ ಇದನ್ನೇ.

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಇದು ಪ್ಲಾನ್ ಮತ್ತು ವಾಸ್ತವದ ಹೋಲಿಕೆ. ಸ್ಟೇರಿಂಗಿನ ಕೋನ ನೋಡುವ ಸೆನ್ಸರ್ ಡ್ರೈವರ್ ಎಲ್ಲಿಗೆ ಹೋಗಬೇಕೆಂದಿದ್ದಾನೆ ಎಂದು ಹೇಳುತ್ತದೆ. ಕಾರಿನ ನಡುವೆ ಇರುವ ಇನ್ನೊಂದು ಸೆನ್ಸರ್ ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಎಂದು ಹೇಳುತ್ತದೆ. ಎರಡೂ ಹೊಂದದಿದ್ದರೆ ಕಂಪ್ಯೂಟರ್ ಕೈಹಾಕುತ್ತದೆ. ತಿರುವಿನಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಜಾರಿದರೆ ಮುಖ್ಯವಾಗಿ ಹೊರಬದಿಯ ಮುಂದಿನ ಗಾಲಿಗೆ ಬ್ರೇಕ್. ಕಾರು ತಿರುಗದೆ ನೇರ ಹೊರಟರೆ ಒಳಬದಿಯ ಹಿಂದಿನ ಗಾಲಿಗೆ. ಬೇಕಿದ್ದರೆ ಎಂಜಿನ್ನಿನ ಬಲವನ್ನೂ ತಗ್ಗಿಸುತ್ತದೆ. ನಮ್ಮ ಆಫೀಸಿನಲ್ಲಿ ಈ ಹೋಲಿಕೆ ವಾರಕ್ಕೊಮ್ಮೆ ನಡೆಯುತ್ತದೆ. ಕಾರಿನಲ್ಲಿ ಕ್ಷಣಕ್ಷಣಕ್ಕೂ.

ಇದು ಶ್ರೀಮಂತರ ಕಾರಿನಲ್ಲೇ ಉಳಿಯುತ್ತಿತ್ತೇನೋ. 1997ರ ಅಕ್ಟೋಬರಿನಲ್ಲಿ ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ-ಕ್ಲಾಸನ್ನು ಸ್ವೀಡನ್ನಿನ ಒಂದು ಪತ್ರಿಕೆಯವರು ಪರೀಕ್ಷೆಗೆ ಒಯ್ದರು. ದಾರಿಗೆ ಅಡ್ಡ ಬಂದ ‘ಮೂಸ್’ ಎಂಬ ದೊಡ್ಡ ಕಾಡುಪ್ರಾಣಿಯನ್ನು ತಪ್ಪಿಸುವಂತೆ ಸರಕ್ಕನೆ ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿಸುವ ಪರೀಕ್ಷೆ ಅದು. ಕಾರು ಮಗುಚಿ ಬಿತ್ತು. ಕಂಪನಿ ಮಾರಾಟ ನಿಲ್ಲಿಸಿ, ಕಾರಿನ ಅಡಿಭಾಗ ತಿದ್ದಿ, ಇಎಸ್‌ಪಿಯನ್ನು ಎಲ್ಲ ಎ-ಕ್ಲಾಸ್ ಕಾರುಗಳಿಗೂ ಹಾಕಿತು. ಒಂದು ಅವಮಾನದಿಂದಾಗಿ ದೊಡ್ಡವರ ಸಾಧನ ಸಣ್ಣ ಕಾರಿಗೆ ಬಂತು. ಮುಂದೆ ಕಾನೂನು ಬಂತು. ಅಮೆರಿಕ 2007ರಲ್ಲಿ ನಿಯಮ ಮಾಡಿ 2012ರ ಮಾದರಿಗಳ ಹೊತ್ತಿಗೆ ಎಲ್ಲ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು.

ನಮ್ಮಲ್ಲಿ ಎಬಿಎಸ್ ಕಡ್ಡಾಯವಾದದ್ದು 2018ರ ಏಪ್ರಿಲಿನಲ್ಲಿ ಹೊಸ ಮಾದರಿಯ ಕಾರುಗಳಿಗೆ, 2019ರ ಏಪ್ರಿಲಿನಲ್ಲಿ ಉಳಿದ ಮಾದರಿಗಳಿಗೆ. ಎಸ್-ಕ್ಲಾಸಿಗೆ ಬಂದ 41 ವರ್ಷಗಳ ಮೇಲೆ. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ಅಥವಾ ಹೆಚ್ಚು ಸ್ಟಾರ್ ಬೇಕಿದ್ದರೆ ಇಎಸ್‌ಸಿ ಇರಲೇಬೇಕು. ಆದರೆ ಆ ಪರೀಕ್ಷೆಗೆ ಕಾರು ಕೊಡುವುದು ಕಂಪನಿಯ ಇಚ್ಛೆಗೆ ಬಿಟ್ಟದ್ದು.

ವಿಚಿತ್ರವೆಂದರೆ ಈ ಚರಿತ್ರೆಯ ತುಣುಕುಗಳು ನಮ್ಮ ಸುತ್ತಲೇ ಇದ್ದವು. ಶಹಾಜಿ ಭೋಸಲೆಯವರ ಜಹಗೀರಿಗೆ ಪುಣೆ, ಸುಪೆ, ಚಾಕಣ, ಇಂದಾಪುರ ಸೇರಿದ್ದವು. ಮುಂದೆ ಅವರು ಬಿಜಾಪುರದ ಪರವಾಗಿ ಬೆಂಗಳೂರಿನಲ್ಲಿ ನೆಲೆಸಿದರು, ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ ತೀರಿಕೊಂಡರು. ಅದೇ ಚಾಕಣ ಇಂದು ಕಾರು ಮತ್ತು ಬ್ರೇಕಿನ ಕಾರ್ಖಾನೆಗಳ ಊರು. 1966ರಲ್ಲಿ ಪುಣೆಯಲ್ಲಿ ಶುರುವಾದ ಎಆರ್‌ಎಐ ಸಂಸ್ಥೆಯೇ ದೇಶದ ವಾಹನಗಳ ಮಾನದಂಡಗಳನ್ನು ಪ್ರಕಟಿಸುತ್ತದೆ. ಎಬಿಎಸ್ ಮಾಡಿದ ಬಾಷ್‌ನ ಭಾರತದ ಕಂಪನಿಯನ್ನು ಬೆಂಗಳೂರಿನವರು ಬಹುಕಾಲ ‘ಮೈಕೋ’ ಎಂದೇ ಕರೆದರು. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡುತ್ತಿದ್ದ ಅದರ ಹೆಸರು ಮೈಕೋ ಲೇಔಟಿನಲ್ಲಿ ಇನ್ನೂ ಉಳಿದಿದೆ. ಜ್ಞಾನ ದೂರದಲ್ಲೇನೂ ಇರಲಿಲ್ಲ. ನಾವು ಅದನ್ನು ‘ಟಾಪ್ ಮಾಡೆಲ್’ ಪಟ್ಟಿಯಲ್ಲಿ ಸನ್‌ರೂಫ್ ಪಕ್ಕದಲ್ಲಿ ಇಟ್ಟಿದ್ದೆವು.

ಈಗಿನ ನನ್ನ ಕಾರಿನಲ್ಲಿ ಎರಡೂ ಇವೆ. ಆದರೂ ಅವು ರಸ್ತೆಯಲ್ಲಿಲ್ಲದ ಹಿಡಿತವನ್ನು ಹುಟ್ಟಿಸಲಾರವು, ಸವೆದ ಟೈರನ್ನು ಹೊಸದು ಮಾಡಲಾರವು, ಟ್ರ್ಯಾಕ್ಟರಿನ ಹಿಂದೆ ರಿಫ್ಲೆಕ್ಟರ್ ಅಂಟಿಸಲಾರವು. ಅದಕ್ಕೇ ಭಿಗವಣ ದಾಟಿದ ಮೇಲೆ ವೇಗ ಇಳಿಸುತ್ತೇನೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುವ ಅವ್ವ ಚಳಿಗಾಲದಲ್ಲಿ ಮಣಿಕಟ್ಟು ನೀವಿಕೊಳ್ಳುತ್ತಾಳೆ. ನೀವು ಕಾರು ಕೊಳ್ಳುವವರಿದ್ದರೆ ಶೋರೂಮಿನಲ್ಲಿ ಮೊದಲು ಇಎಸ್‌ಸಿ ಇದೆಯೇ ಎಂದು ಕೇಳಿ. ಮ್ಯೂಸಿಕ್ ಸಿಸ್ಟಮನ್ನು ಆಮೇಲೂ ಹಾಕಿಸಬಹುದು, ಇದನ್ನು ಆಗದು.