ಹಲಗಲಿಯ ಬೇಡರು (ಲಾವಣಿ)

ಹಲಗಲಿಯ ಬೇಡರು ಉತ್ತರ ಕರ್ನಾಟಕದ ಪ್ರಸಿದ್ಧ ಐತಿಹಾಸಿಕ ಲಾವಣಿಗಳಲ್ಲೊಂದು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿ ಗ್ರಾಮದ ಬೇಡರು 1857ರಲ್ಲಿ ಬ್ರಿಟಿಷರ ವಿರುದ್ಧ ನಡೆಸಿದ ಹೋರಾಟ ಇದರ ವಸ್ತು. ಸರ್ಕಾರ ದಂಗೆಕೋರರೆಂದು ಶಿಕ್ಷಿಸಿದವರನ್ನು ಲಾವಣಿಯು ವೀರರೆಂದು ಹಾಡುತ್ತದೆ.

ಹಿನ್ನೆಲೆ

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ಬಂಡೆದ್ದ ಮೇಲೆ ಬ್ರಿಟಿಷ್ ಸರ್ಕಾರ ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾನೂನನ್ನು ಜಾರಿಗೆ ತಂದಿತು. ಹಲಗಲಿ ಆಗ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಬೇಟೆಯನ್ನೂ ಕಾವಲನ್ನೂ ವೃತ್ತಿಯಾಗಿ ಉಳ್ಳ ಬೇಡರಿಗೆ ಆಯುಧವು ಅನ್ನದ ದಾರಿಯೂ ಕುಲದ ಮರ್ಯಾದೆಯೂ ಆಗಿತ್ತು. ಚಿತ್ರದುರ್ಗ ಮತ್ತು ಸುರಪುರದ ನಾಯಕ ಅರಸುಮನೆತನಗಳೂ ಇದೇ ಸಮುದಾಯಕ್ಕೆ ಸೇರಿದವು.

ಕಥಾಸಾರ

ಕುಂಪಣಿ ಸರ್ಕಾರದ ಹುಕುಂ ಬಂದ ಪ್ರಸಂಗದಿಂದ ಲಾವಣಿ ಆರಂಭವಾಗುತ್ತದೆ. ಪೂಜಾರಿ ಹನುಮ, ಬಾಲ, ಜಡಗ ಮತ್ತು ರಾಮ ಎಂಬ ನಾಲ್ವರು ಜೀವ ಹೋದರೂ ಆಯುಧ ಕೊಡುವುದಿಲ್ಲವೆಂದು ನಿರ್ಧರಿಸುತ್ತಾರೆ. ಕೇಳಲು ಬಂದ ಕಾರಕೂನನು ಪೆಟ್ಟು ತಿನ್ನುತ್ತಾನೆ. ಬಳಿಕ ಕುದುರೆಯ ದಂಡು ಊರನ್ನು ಮುತ್ತುತ್ತದೆ. ಕಾದಾಟದ ಕೊನೆಗೆ ದಂಡು ಊರನ್ನು ದೋಚಿ, ಬೆಂಕಿಯಿಟ್ಟು ಸುಡುತ್ತದೆ. ಈ ದಾಳಿ ನಡೆದದ್ದು 1857ರ ನವೆಂಬರ್ ತಿಂಗಳ ಕೊನೆಯಲ್ಲಿ. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಸ್ವಾರಸ್ಯ

ಹೆಸರಾಂತ ಭಾಗವೆಂದರೆ ದಂಡು ದೋಚಿದ ವಸ್ತುಗಳ ಪಟ್ಟಿ. ಅದರಲ್ಲಿ ಬಂಗಾರದ ಗಂಟುಗಳಿಲ್ಲ. ಕೊಡಲಿ, ಹಾಲು, ಮೊಸರು, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಚರಿಗೆ, ಬೀಸುವ ಕಲ್ಲುಗಳ ನಡುವೆ ಮಂಗಳಸೂತ್ರವೂ ಸೇರಿದೆ. ದಂಗೆಕೋರರೆನಿಸಿಕೊಂಡವರು ಹೆಂಡಿರು ಮಕ್ಕಳೊಡನೆ ಬಾಳುತ್ತಿದ್ದ ಬಡ ಸಂಸಾರಸ್ಥರೆಂಬುದನ್ನು ಕವಿ ಬೇರೆ ಮಾತಿಲ್ಲದೆ ಈ ಪಟ್ಟಿಯಿಂದಲೇ ತಿಳಿಸುತ್ತಾನೆ. ಹುಕುಂ, ಕಾರಕೂನ, ಸಾಹೇಬ ಮೊದಲಾದ ಆಡಳಿತದ ಮಾತುಗಳು ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಬೆರೆತಿವೆ. ಹಾಡಿಕೆಗಾಗಿ ಹುಟ್ಟಿದ ರಚನೆಯಾದ್ದರಿಂದ ಗಟ್ಟಿಯಾಗಿ ಓದಿದಾಗಲೇ ಪ್ರಾಸ ಮತ್ತು ಲಯಗಳ ಬಿರುಸು ಅನುಭವಕ್ಕೆ ಬರುತ್ತದೆ.

ಸಂಗ್ರಹ ಮತ್ತು ಪ್ರಸಾರ

ಶಾಸನತಜ್ಞ ಜೆ. ಎಫ್. ಫ್ಲೀಟ್ ಸಂಗ್ರಹಿಸಿ, 19ನೆಯ ಶತಮಾನದ ಉತ್ತರಾರ್ಧದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲಿದೆ. ಹೀಗೆ ಬ್ರಿಟಿಷ್ ಆಡಳಿತದ ವಿರುದ್ಧ ಹುಟ್ಟಿದ ಹಾಡು ಅದೇ ಆಡಳಿತದ ಅಧಿಕಾರಿಯೊಬ್ಬನ ಆಸಕ್ತಿಯಿಂದ ಅಚ್ಚಿಗೆ ಬಂದಿತು. ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ ಪದ್ಯಪಾಠವಾಗಿ ಸೇರಿದ ಬಳಿಕ ಇದು ನಾಡಿನ ಎಲ್ಲ ಭಾಗಗಳ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ.